ಅಪ್ಪನ ಹಿಂದೆ ಬಂದ ಗಣಿ

ಊರಿಗಾಂ
8-2-1987

ಮಗಳು ಗಂಗರತ್ನಳಿಗೆ ಅಪ್ಪನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಊರಲ್ಲಿ ನಿಮ್ಮಮ್ಮನೂ ಎರಡು ಹಸುಗಳೂ ಚೆನ್ನಾಗಿದ್ದಾರೆ. ನೀನು ಆ ಚಳ್ಳಕೆರೆ ಸೀಮೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿಕೊಂಡು ಚೆನ್ನಾಗಿದ್ದೀಯೆಂದು ತಿಳಿದಿದ್ದೇನೆ. ಇಲ್ಲದಿದ್ದರೆ ಬರೆ.

ಇಲ್ಲಿ ನಮಗೂ ಒಂದು ಸ್ಕೂಲು ಶುರುವಾಗಿದೆ. ನಗಬೇಡ. ಊರಿಗಾಂನಲ್ಲಿ ನಾವು ಕಟ್ಟುತ್ತಿರುವ ಕಲ್ಯಾಣ ಮಂಟಪ ಈಗ ಎರಡನೇ ಅಂತಸ್ತಿಗೆ ಬಂದಿದೆ. ಸೋಮವಾರ ಬೆಳಿಗ್ಗೆ ಕಂಟ್ರಾಕ್ಟರ್ ಕೋದಂಡಪ್ಪ ಗಾರೆಯವರು, ಸೆಂಟ್ರಿಂಗಿನವರು, ಹೆಣ್ಣಾಳುಗಳು ಎಲ್ಲರನ್ನೂ ಸಾಲಾಗಿ ಕೂರಿಸಿ ತಲೆಗೊಂದು ಹಳದಿ ಟೊಪ್ಪಿಗೆ, ಸೊಂಟಕ್ಕೊಂದು ಹಗ್ಗದ ಬೆಲ್ಟು ಕೊಟ್ಟ. ಕೋದಂಡಪ್ಪ ಎಂಥವನೆಂದು ನಿನಗೆ ಗೊತ್ತು. ಬಾಗಿದ ಮೊಳೆಯನ್ನು ಕಲ್ಲಿನ ಮೇಲೆ ನೆಟ್ಟಗೆ ಮಾಡಿಸಿ ಮತ್ತೆ ಹೊಡೆಸುವ ಮನುಷ್ಯ. ಅವನ ಕೈ ಬಿಚ್ಚಿದೆ ಎಂದರೆ ಹಿಂದೆ ಏನೋ ಇದೆ.

ಕಲಿಸುವುದಕ್ಕೆ ಕುಪ್ಪುಸ್ವಾಮಿ ಎಂಬುವವನನ್ನು ಕರೆಸಿದ್ದಾನೆ. ಇಲ್ಲಿಯ ಚಿನ್ನದ ಗಣಿಯೊಳಗೆ ಆಳುಗಳ ಜೀವ ಕಾಯುವ ಕೆಲಸದಲ್ಲಿದ್ದು ರಿಟೈರಾದವನಂತೆ. ಏಣಿಯ ತಲೆ ಕಟ್ಟಬೇಕಂತೆ, ಇಟ್ಟಿಗೆ ಮೇಲಿಂದ ಎಸೆಯಬಾರದಂತೆ, ಉದ್ದ ಸೀಟಿ ಊದಿದರೆ ಕೈಲಿದ್ದದ್ದನ್ನು ಹಾಗೇ ಬಿಟ್ಟು ಎಲ್ಲರೂ ಮೈದಾನಕ್ಕೆ ಓಡಬೇಕಂತೆ. ಗೋಡೆಗೆ ಕಟ್ಟಿದ ಬೊಂಬಿನ ಸಾರವೆ ಹತ್ತುವ ಮೊದಲು ಗಣಿಯವರ ಹಾಗೆ ಒಂದು ತಗಡಿನ ಬಿಲ್ಲೆ ತೆಗೆದುಕೊಂಡು, ಇಳಿದ ಮೇಲೆ ಮೊಳೆಗೆ ತೂಗುಹಾಕಬೇಕು. ಯಾರು ಎಷ್ಟು ಹೊತ್ತು ಮೇಲಿದ್ದರೆಂದು ಅಳೆಯುವುದಕ್ಕೆ ಇದು ಉಪಾಯ ಎಂದು ನಾನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮೂರ ಚಿಕ್ಕಮುನಿಯಪ್ಪನಂತೂ ಟೊಪ್ಪಿಗೆ ಹಾಕಿಕೊಂಡು ಬಾಸಿಂಗ ಕಟ್ಟಿದ ಗಂಡಿನ ಹಾಗೆ ಹಲ್ಲು ಬಿಡುತ್ತಿದ್ದ. ಫೋಟೋ ಬೇರೆ ತೆಗೆದರು. ನಾನು ಕೆಮ್ಮು ಬಂದವನ ಹಾಗೆ ತಲೆ ಬಗ್ಗಿಸಿಬಿಟ್ಟೆ.

ನೆನ್ನೆ ಮಧ್ಯಾಹ್ನ ಸಾರವೆಯ ಮೇಲಿದ್ದಾಗ ಗಣಿಯ ಆಳದಲ್ಲಿ ಬಂಡೆ ತಾನಾಗೇ ಸಿಡಿದು ನೆಲ ಅದುರಿತು. ಬೊಂಬು ತಬ್ಬಿ ಹಿಡಿದುಕೊಂಡೆ. ಊರಿಗಾಂ ಲೈನಿನ, ಅಂದರೆ ಗಣಿ ಆಳುಗಳ ಮನೆಸಾಲಿನ ಹುಡುಗರು ತಲೆಯನ್ನೂ ಎತ್ತಲಿಲ್ಲ. ಹುಟ್ಟಿದಾಗಿನಿಂದ ಅದುರುವ ನೆಲದ ಮೇಲೆ ಮಲಗಿದವರು, ಅವರಿಗೇನು.

ಇಂತಿ ನಿನ್ನ ಅಪ್ಪ,
ಮುನಿಸ್ವಾಮಪ್ಪ


ಚಳ್ಳಕೆರೆ
17-2-1987

ಅಪ್ಪನಿಗೆ ಗಂಗರತ್ನಳ ನಮಸ್ಕಾರಗಳು.

ನಿನ್ನ ಕಾಗದ ಓದಿ ಇಲ್ಲಿಯ ಟೀಚರಮ್ಮನವರಿಗೆಲ್ಲ ಹೇಳಿ ನಕ್ಕೆ. ನಾನು ಟ್ರೈನಿಂಗಿಗೆ ಸೇರಿದಾಗ ಬೆಂಚಿನ ಮೇಲೆ ಸುಮ್ಮನೆ ಕೂತು ಹೇಳಿದ್ದನ್ನು ಕೇಳು ಎಂದು ಬುದ್ಧಿ ಹೇಳಿದವನು ನೀನು. ಈಗ ನಿನ್ನ ಸರದಿ ಬಂದ ತಕ್ಷಣ ಕೆಮ್ಮು ಬಂತೇ?

ಕೋದಂಡಪ್ಪನವರಿಗೆ ಅವರದೇ ಲೆಕ್ಕಾಚಾರ ಇರಬಹುದು. ಇರಲಿ ಬಿಡು. ಟೊಪ್ಪಿಗೆ ಯಾಕೆ ಕೊಟ್ಟರೆಂದು ಮೇಲಿಂದ ಬೀಳುವ ಇಟ್ಟಿಗೆ ಕೇಳುವುದಿಲ್ಲ. ಹಾಕಿಕೋ. ಬೆಲ್ಟನ್ನೂ ಕಟ್ಟಿಕೋ. ಚಿಕ್ಕಮುನಿಯಪ್ಪ ಮಾವನಿಗೆ ಮದುವಣಿಗನ ಕಳೆ ಬಂದಿದೆಯೆಂದು ನಾನು ಹೇಳಿದೆನೆಂದು ಹೇಳು.

ನೆಲ ಅದುರಿದಾಗ ಹೆದರಿದೆಯಾ? ನೀನು ಅದನ್ನು ಬರೆದಿರುವ ರೀತಿ ನನಗೆ ಸರಿಬರಲಿಲ್ಲ.

ನಿನ್ನ,
ಗಂಗರತ್ನ


ಊರಿಗಾಂ
6-3-1987

ಗಂಗರತ್ನಳಿಗೆ ಆಶೀರ್ವಾದ.

ಹೆದರುವುದಕ್ಕೆ ನಾನೇನು ಹೊಸಬನಲ್ಲ. ನೀನು ಹುಟ್ಟುವ ಮೊದಲಿನಿಂದ ಸಾರವೆಯ ಮೇಲಿದ್ದೇನೆ.

ಇಲ್ಲಿ ವಿಷಯ ಗಂಭೀರವಾಗಿದೆ. ಕುಪ್ಪುಸ್ವಾಮಿ ಹೊಸದೊಂದು ತೆಗೆದಿದ್ದಾನೆ. ಬೆಳಿಗ್ಗೆ ನೆಲದ ಮೇಲೆ ಎರಡು ಇಟ್ಟಿಗೆ ಇಟ್ಟು ಅದರ ಮೇಲೊಂದು ಹಲಗೆ ಹಾಕುತ್ತಾನೆ. ಮೇಲೆ ಹತ್ತುವವರು ಆ ಹಲಗೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು, ಮೇಲಕ್ಕೊಮ್ಮೆ ನೋಡಿ, ತಿರುಗಿ ಬರಬೇಕು. ಹೆಜ್ಜೆ ತಪ್ಪಿದವರಿಗೆ ಆವತ್ತು ಕೆಳಗಡೆ ಕೆಲಸ. ಗಾರೆ ಮೇಸ್ತ್ರಿಯಾದ ನಾನು ಗಾರೆ ಕಲಸುವ ಹೆಂಗಸರ ಮುಂದೆ ಮಗುವಿನ ಹಾಗೆ ಹಲಗೆಯ ಮೇಲೆ ನಡೆಯಬೇಕೇ? ನಾನು ನಡೆಯುವುದಿಲ್ಲ ಎಂದೆ. ಕುಪ್ಪುಸ್ವಾಮಿ "ಇವತ್ತು ಬ್ಯಾಡ ಅಂದ್ರೆ ನಾಳೆ ನಡೀಪ್ಪಾ ಮೇಸ್ತ್ರಿ, ನಾನೆಲ್ಲೂ ಓಡೋಗಲ್ಲ" ಎಂದು ನಕ್ಕ. ನನಗೆ ಆ ನಗು ಹಿಡಿಸಲಿಲ್ಲ. ಬೆಳಿಗ್ಗೆ ಅವನು ಬರುವ ಮೊದಲೇ ಹತ್ತಿಬಿಡುತ್ತಿದ್ದೇನೆ.

ಇನ್ನೊಂದು ಮಾತು. ಮೇಲಿನ ಸಾಲು ನೋಡಲು ತಲೆ ಎತ್ತಿದಾಗ ಮತ್ತೆ ಮೂರ್ನಾಲ್ಕು ಸಲ ನೆಲ ಅದುರಿತು. ಕಟ್ಟಡವೇ ವಾಲಿದ ಹಾಗಾಯಿತು. ಪಕ್ಕದಲ್ಲೇ ಇದ್ದ ಚಿಕ್ಕಮುನಿಯಪ್ಪನಿಗೆ "ನೋಡ್ದೇನ್ಲಾ?" ಎಂದೆ. ಅವನು ಕರಣೆ ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದ. "ಎಲ್ಲಲಾ ಅದುರ್ತು? ನಂಗೇನೂ ಗೊತ್ತಾಗ್ನಿಲ್ಲ" ಎಂದ. ಟೀ ಅಂಗಡಿಯವನನ್ನು ಕೇಳಿದೆ. ಬಂಡೆ ಸಿಡಿದರೆ ಅವನ ಗ್ಲಾಸುಗಳೆಲ್ಲ ಜಣಜಣ ಅನ್ನಬೇಕು. ಇಲ್ಲ ಎಂದ. ಲೈನಿನವರೂ ಇಲ್ಲ ಎಂದರು. ಎಲ್ಲರ ಬಾಯಲ್ಲೂ ಒಂದೇ ಮಾತು ಬಂದರೆ ಅದು ಯಾರೋ ಹೇಳಿಕೊಟ್ಟ ಮಾತು. ನೆಲ ಇಷ್ಟು ಅದುರುವುದು ಆಫೀಸರುಗಳಿಗೆ ತಿಳಿದರೆ ಮೂರನೇ ಅಂತಸ್ತು ಎಬ್ಬಿಸಲು ಬಿಡುವುದಿಲ್ಲ. ಕೋದಂಡಪ್ಪ ಎಲ್ಲರ ಬಾಯಿಗೂ ಬೀಗ ಹಾಕಿದ್ದಾನೆ. ಆದರೆ ಜೊತೆಯಲ್ಲಿ ಮುದ್ದೆ ಮುರಿದು ತಿಂದ ಚಿಕ್ಕಮುನಿಯಪ್ಪನೂ ಅವರ ಕಡೆ ಸೇರಿದನಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಇದನ್ನು ಯಾರಿಗೂ ತೋರಿಸಬೇಡ.

ಅಪ್ಪ


ಚಳ್ಳಕೆರೆ
15-3-1987

ಅಪ್ಪನಿಗೆ ನಮಸ್ಕಾರ.

ಈ ಸಲ ನಗಲಿಲ್ಲ. ಕೋದಂಡಪ್ಪನವರ ಮೇಲೆ ನನಗೂ ಅನುಮಾನವೇ. ಅವರು ಆಫೀಸರುಗಳ ಕಣ್ಣಿಗೆ ಮಣ್ಣೆರಚುವವರೇ ಹೌದು. ಹಾಗಿದ್ದರೆ ಅಂಥ ಕಟ್ಟಡದ ಮೇಲೆ ನೀನೇಕೆ ನಿಲ್ಲಬೇಕು? ಬಂಗಾರಪೇಟೆಯಲ್ಲಿ ಒಂದಂತಸ್ತಿನ ಮನೆಗಳ ಕೆಲಸಕ್ಕೇನು ಬರವೇ?

ಒಂದು ಕೇಳುತ್ತೇನೆ, ಸಿಟ್ಟಾಗಬೇಡ. ನೆಲ ಅದುರಿದಾಗ ನಿನ್ನ ಕೈಯಲ್ಲಿ ಗೋಡೆಯ ನೇರ ನೋಡುವ ತೂಗುಗುಂಡು ಇತ್ತಲ್ಲವೇ? ಅದು ಅಲ್ಲಾಡಿತೇ?

ಗಂಗರತ್ನ


ಕ್ಯಾಸಂಬಳ್ಳಿ ಹೋಬಳಿ
31-3-1987

ಗಂಗರತ್ನಳಿಗೆ ಆಶೀರ್ವಾದ.

ಯುಗಾದಿಗೆ ಊರಿಗೆ ಬಂದಿದ್ದೇನೆ. ನಿಮ್ಮಮ್ಮ ಒಬ್ಬಟ್ಟು ಮಾಡಿದ್ದಳು. ನೀನಿಲ್ಲದೆ ತಿನ್ನಲು ಮನಸ್ಸು ಬರಲಿಲ್ಲ ಎಂದು ಬರೆಯಬೇಕು ಎಂದಳು. ಬರೆದಿದ್ದೇನೆ. ಇಬ್ಬರೂ ಚೆನ್ನಾಗಿಯೇ ತಿಂದೆವು.

ತೂಗುಗುಂಡು ಅಲ್ಲಾಡಲಿಲ್ಲ. ಗೋಡೆ ಅಲ್ಲಾಡುವಾಗ ಗುಂಡೂ ಗೋಡೆಯ ಜೊತೆಯಲ್ಲೇ ಅಲ್ಲಾಡಿದರೆ ಕಣ್ಣಿಗೆ ಕಾಣುವುದು ಹೇಗೆ? ಗಾರೆ ಕೆಲಸ ಮಾಡಿದ್ದರೆ ನಿನಗೆ ತಿಳಿಯುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಬ್ಬದ ಹಿಂದಿನ ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದು ಬೋರ್ಡಿನ ಕಡೆ ತಲೆ ಎತ್ತಿದೆ. ಪ್ಲಾಟ್‌ಫಾರಂ ಅದುರಿತು. ಬೆಂಚು ಹಿಡಿದು ಕೂತೆ. ರೈಲಿನದು ಇರಬಹುದು ಅಂದುಕೊಂಡೆ. ಆದರೆ ಇವತ್ತು ಬೆಳಿಗ್ಗೆ ನಮ್ಮ ಕೊಟ್ಟಿಗೆಯಲ್ಲೇ ಅದುರಿತು! ಅಟ್ಟದ ಮೇಲಿನ ಹುಲ್ಲು ಎಳೆಯಲು ಕೈ ಎತ್ತಿದ್ದೆ. ಇಡೀ ಕೊಟ್ಟಿಗೆ ಬುಗುರಿಯ ಹಾಗೆ ತಿರುಗಿತು. ಗಣಿ ಎಲ್ಲಿ, ನಮ್ಮ ಊರೆಲ್ಲಿ? ಯೋಚನೆ ಮಾಡಿದೆ. ಮೈಸೂರು ಮೈನ್ಸಿನ ಕಡೆ ಚಿನ್ನ ಮುಗಿಯುತ್ತಾ ಬಂದಿದೆ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಅದಕ್ಕೆ ಗುಟ್ಟಾಗಿ ನಮ್ಮ ಹೊಲಗಳ ಅಡಿಗೇ ಸುರಂಗ ತಂದಿದ್ದಾರೆ. ನಾವು ಮೇಲೆ ರಾಗಿ ಬಿತ್ತುತ್ತಿದ್ದರೆ ಅವರು ಕೆಳಗೆ ಕೊರೆಯುತ್ತಿದ್ದಾರೆ.

ನಿಮ್ಮಮ್ಮನಿಗೆ ಹೇಳಿದರೆ "ನೆಲ ನೆಟ್ಟಗೇ ಐತೆ, ನೀನೇ ವಾಲ್ತಿದ್ದೀಯ" ಎಂದಳು. ಹಸುವೂ ಬೆದರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ನಿಮ್ಮಮ್ಮನ ಕಿವಿಗೂ ಚಿಕ್ಕಮುನಿಯಪ್ಪನ ಹೆಂಡತಿ ಏನೋ ಊದಿದ್ದಾಳೆ.

ತಹಸೀಲ್ದಾರರಿಗೆ ಒಂದು ಅರ್ಜಿ ಬೇಕು. ನಿನ್ನ ಅಕ್ಷರ ದುಂಡಗಿದೆ. ಒಳ್ಳೆ ಕನ್ನಡದಲ್ಲಿ ಬರೆದು ಬೇಗ ಕಳಿಸು.

ಅಪ್ಪ


ಚಳ್ಳಕೆರೆ
12-4-1987

ಅಪ್ಪಾ,

ಅರ್ಜಿ ಬರೆಯಲು ಕೂತೆ. ಎಲ್ಲೆಲ್ಲಿ ಅದುರಿತು ಎಂದು ಬರೆಯುತ್ತಾ ಹೋದೆ. ಸಾರವೆಯ ಮೇಲೆ ನೀನು ಮೇಲೆ ನೋಡಿದಾಗ. ಸ್ಟೇಷನ್ನಿನಲ್ಲಿ ನೀನು ಬೋರ್ಡು ನೋಡಿದಾಗ. ಕೊಟ್ಟಿಗೆಯಲ್ಲಿ ನೀನು ಹುಲ್ಲಿಗೆ ಕೈ ಎತ್ತಿದಾಗ. ಬರೆಯುವ ಕೈ ನಿಂತುಹೋಯಿತು.

ಗಣಿ ನಿನ್ನ ಹಿಂದೆ ಹಿಂದೆಯೇ ಬರುತ್ತಿದೆಯೇ ಅಪ್ಪ? ನೀನು ಬಸ್ಸು ಹತ್ತಿದರೆ ಅದೂ ಹತ್ತುತ್ತದೆಯೇ?

ಊರಿಗಾಂನಲ್ಲಿ ನೆಲ ಅದುರುವುದು ಮಾಮೂಲಿಯಾದ್ದರಿಂದ ನಿನ್ನ ತಲೆ ತಿರುಗಿದ್ದನ್ನೂ ನೀನು ಗಣಿಯ ಲೆಕ್ಕಕ್ಕೆ ಹಾಕಿದ್ದೀಯ. ನೀನು ಬೇರೆ ಯಾವ ಊರಿನ ಮೇಸ್ತ್ರಿಯಾಗಿದ್ದರೂ ಮೊದಲ ದಿನವೇ ಡಾಕ್ಟರ ಹತ್ತಿರ ಹೋಗುತ್ತಿದ್ದೆ. ನಿನಗೆ ಕೈ ಮುಗಿಯುತ್ತೇನೆ, ಬಂಗಾರಪೇಟೆಯಲ್ಲಿ ಡಾಕ್ಟರಿಗೆ ತೋರಿಸು. ತೋರಿಸುವ ತನಕ ಸಾರವೆ ಹತ್ತಬೇಡ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಗಂಗರತ್ನ


ಊರಿಗಾಂ
24-4-1987

ಗಂಗರತ್ನಳಿಗೆ,

ನೀನೂ ಅವರ ಕಡೆ ಸೇರಿದೆಯಾ? ಯಾರು ನಿನಗೆ ಬರೆದವರು? ಕೋದಂಡಪ್ಪನೇ, ನಿಮ್ಮಮ್ಮನೇ, ಇಲ್ಲ ಆ ಚಿಕ್ಕಮುನಿಯಪ್ಪ ಯಾರ ಕೈಲೋ ಬರೆಸಿದನೇ? ತಲೆ ತಿರುಗುತ್ತದೆ ಎಂದು ನಾನು ಒಂದು ಸಲವಾದರೂ ಬರೆದಿದ್ದೇನೆಯೇ? ನೆಲ ಅದುರಿತು ಎಂದು ಬರೆದೆ. ಓದಲು ಕಲಿಸಿದ್ದು ಇಲ್ಲದ್ದನ್ನು ಓದುವುದಕ್ಕಲ್ಲ.

ಸರಿ, ನೀನು ಹೇಳಿದ ಹಾಗೇ ಇಟ್ಟುಕೋ. ಆಗ ಏನಾಗುತ್ತದೆ? ಸಾರವೆಯಿಂದ ಇಳಿದ ಮೇಸ್ತ್ರಿಯನ್ನು ನಾನು ನೋಡಿದ್ದೇನೆ. ನಮ್ಮ ದೊಡ್ಡವೆಂಕಟಪ್ಪ ಕಣ್ಣು ಮಂಜಾಯಿತೆಂದು ಬಾಯಿಬಿಟ್ಟು ಹೇಳಿ ಇಳಿದ. ಆಮೇಲೆ ಅವನನ್ನು ಯಾರೂ ಮೇಸ್ತ್ರಿ ಅನ್ನಲಿಲ್ಲ. ಅವನೇ ಕೆಲಸ ಕಲಿಸಿದವರು ಅವನಿಗೆ "ನೀರು ತಗೊಂಬಾ" ಎಂದರು. ಇಟ್ಟಿಗೆ ಕಾಯುತ್ತಾ ಕೂತೇ ಸತ್ತ. ಒಂದು ಸಲ ಇಳಿದವನನ್ನು ಮತ್ತೆ ಹತ್ತಿಸುವುದಿಲ್ಲ. ಆ ಹಲಗೆ ಇರುವುದೇ ಅದಕ್ಕೆ.

ಈ ವಿಷಯ ನಮ್ಮಿಬ್ಬರಲ್ಲೇ ಇರಬೇಕು. ಬೇರೆ ಯಾರ ಹತ್ತಿರವಾದರೂ ಎತ್ತಿದೆಯೋ, ನನಗೆ ಮಗಳಿಲ್ಲ ಎಂದು ತಿಳಿಯುತ್ತೇನೆ. ಇನ್ನು ಮೇಲೆ ನೆಲ ಅದುರಿದರೂ ನಿನಗೆ ಬರೆಯುವುದಿಲ್ಲ.

ಮುನಿಸ್ವಾಮಪ್ಪ


ಚಳ್ಳಕೆರೆ
3-5-1987

ಕುಪ್ಪುಸ್ವಾಮಿಯವರಿಗೆ ನಮಸ್ಕಾರಗಳು.

ನನ್ನನ್ನು ನೀವು ನೋಡಿಲ್ಲ. ನಿಮ್ಮ ಕೆಲಸದ ಜಾಗದಲ್ಲಿರುವ ಗಾರೆ ಮೇಸ್ತ್ರಿ ಮುನಿಸ್ವಾಮಪ್ಪನವರ ಮಗಳು ನಾನು, ಇಲ್ಲಿ ಟೀಚರಾಗಿದ್ದೇನೆ. ಅಪ್ಪನಿಗೆ ತಲೆ ಎತ್ತಿ ನೋಡಿದರೆ ಸುತ್ತು ಬರುತ್ತದೆ. ಅವರು ಅದನ್ನು ಬಂಡೆ ಸಿಡಿದದ್ದು ಎಂದುಕೊಂಡಿದ್ದಾರೆ, ಅಥವಾ ಎಂದುಕೊಂಡಂತೆ ಇದ್ದಾರೆ. ನಿಮ್ಮ ಹಲಗೆಯನ್ನು ತಪ್ಪಿಸಿಕೊಂಡು ಹತ್ತುತ್ತಿದ್ದಾರೆ. ದಯವಿಟ್ಟು ಅವರನ್ನು ನಡೆಸಿ ನೋಡಿ.

ನಾನು ಬರೆದದ್ದು ಅವರಿಗೆ ತಿಳಿಯಬಾರದು. ತಿಳಿದರೆ ಅವರು ನನ್ನನ್ನು ಕ್ಷಮಿಸುವುದಿಲ್ಲ. ಆದರೆ ಅವರು ಬದುಕಿರಬೇಕು.

ಇಂತಿ,
ಎಂ. ಗಂಗರತ್ನಮ್ಮ


ಊರಿಗಾಂ
11-5-1987

ಟೀಚರಮ್ಮನವರಿಗೆ,

ನನಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬಾರದು. ನಾನು ಹೇಳಿದ್ದನ್ನು ನನ್ನ ಸೊಸೆ ಬರೆಯುತ್ತಿದ್ದಾಳೆ.

ನಿಮ್ಮ ಕಾಗದ ಬಂದಾಗ ನಾನು ಮೊದಲು ನಂಬಲಿಲ್ಲ. ಮೇಸ್ತ್ರಿಯ ಜಾಗ ಬೇಕಾದವರು ಹೀಗೆ ಹೆಣ್ಣುಮಕ್ಕಳ ಹೆಸರಲ್ಲಿ ಬರೆಸುವುದುಂಟು. ಗಣಿಯಲ್ಲಿ ಇಂಥ ಕಾಗದ ಬೇಕಾದಷ್ಟು ಕಂಡಿದ್ದೇನೆ. ನೀವು ಮಗಳೋ ಅಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಆದರೆ ಹಲಗೆಗೆ ಯಾರ ಮುಲಾಜೂ ಇಲ್ಲ. ಒಂದು ದಿನ ಎಲ್ಲರಿಗಿಂತ ಮೊದಲು ಬಂದು ಏಣಿಯ ಬುಡದಲ್ಲಿ ಕೂರುತ್ತೇನೆ. ಅವರೊಬ್ಬರನ್ನೇ ಅಲ್ಲ, ಕೋದಂಡಪ್ಪನವರೂ ಸೇರಿ ಎಲ್ಲರನ್ನೂ ನಡೆಸುತ್ತೇನೆ.

ಕಾಗದ ಒಲೆಗೆ ಹಾಕಿದ್ದೇನೆ. ನನ್ನ ಬಾಯಿಂದ ಹೊರಗೆ ಬರುವುದಿಲ್ಲ.

ಕುಪ್ಪುಸ್ವಾಮಿ


ಊರಿಗಾಂ
20-5-1987

ಗಂಗರತ್ನಳಿಗೆ,

ನಿನಗೆ ಬರೆಯಬಾರದು ಎಂದಿದ್ದೆ. ಬೇರೆ ಯಾರಿಗೆ ಬರೆಯಲಿ?

ಬಿದ್ದೆ. ಸಾರವೆಯಿಂದಲ್ಲ. ನೆಲದಿಂದ ಒಂದು ಗೇಣು ಎತ್ತರದ ಹಲಗೆಯಿಂದ. ಸೋಮವಾರ ಕತ್ತಲೆ ಹರಿಯುವ ಮುಂಚೆ ಹೋದರೆ ಆ ಕುಪ್ಪುಸ್ವಾಮಿ ಏಣಿಯ ಬುಡದಲ್ಲಿ ಬೀಡಿ ಸೇದುತ್ತಾ ಕೂತಿದ್ದ. "ಬಾಪ್ಪಾ ಮೇಸ್ತ್ರಿ, ಇವತ್ತು ಎಲ್ಲಾರೂ ನಡೀತಾರೆ" ಎಂದ. ಎಲ್ಲರೂ ನಡೆದರು. ಕೋದಂಡಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಕೊಕ್ಕರೆಯ ಹಾಗೆ ನಡೆದ, ಎಲ್ಲರೂ ನಕ್ಕರು. ಆಮೇಲೆ ನನ್ನ ಸರದಿ. ಆ ತುದಿಯವರೆಗೆ ಹೋದೆ. ಮೇಲೆ ನೋಡಿದೆ. ಆಮೇಲೆ ನನಗೆ ಗೊತ್ತಾದದ್ದು ಮಣ್ಣು ಬಾಯಲ್ಲಿದ್ದದ್ದು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಈಗ ನನಗೆ ಕೆಳಗೆ ಕೆಲಸ. ಗಾರೆ ಕಲಸುವ ಹತ್ತಿರ ನಿಂತು ಮರಳು ಸಿಮೆಂಟಿನ ಹದ ನೋಡುತ್ತೇನೆ. ಮೇಸ್ತ್ರಿ ಎಂದು ಈಗಲೂ ಕರೆಯುತ್ತಾರೆ. ಎಷ್ಟು ದಿನವೋ ನೋಡೋಣ.

ಇದನ್ನು ಯಾರೋ ಹೇಳಿದ್ದಾರೆ. ಅಷ್ಟು ದಿನ ಸುಮ್ಮನಿದ್ದವನು ಅದೇ ದಿನ, ನಾನು ಬರುವ ಹೊತ್ತಿಗೇ ಬಂದು ಕೂರಬೇಕಾದರೆ ಯಾರೋ ಹೇಳಿಯೇ ಇದ್ದಾರೆ. ನನ್ನ ಪಕ್ಕದಲ್ಲಿ ನಿಂತು ಕೆಲಸ ಮಾಡಿದವನು ಒಬ್ಬನೇ. ನಾನು ಇಳಿದ ಮೇಲೆ ನನ್ನ ಜಾಗಕ್ಕೆ ಹತ್ತಿದವನೂ ಅವನೇ. ಹಲಗೆಯಿಂದ ಬಿದ್ದವನು ನಾನು, ನನ್ನ ಕಣ್ಣಲ್ಲಿ ಬಿದ್ದುಹೋದವನು ಚಿಕ್ಕಮುನಿಯಪ್ಪ. ಅವನ ಕೂಡೆ ಮಾತು ಬಿಟ್ಟಿದ್ದೇನೆ.

ಅಪ್ಪ


ಚಳ್ಳಕೆರೆ
4-6-1987

ಅಪ್ಪನಿಗೆ ನಮಸ್ಕಾರ.

ಪೆಟ್ಟಾಯಿತೇ? ಎಲ್ಲಿ? ಬರೆಯಲೇ ಇಲ್ಲ.

ಚಿಕ್ಕಮುನಿಯಪ್ಪ ಮಾವನ ಮೇಲೆ ಹೀಗೆ ಇಲ್ಲದ್ದು ಹೊರಿಸಬೇಡ. ಅವನು ಅಂಥವನಲ್ಲ. ನನಗೆ ಅದು ಗೊತ್ತು. ಹೇಗೆ ಗೊತ್ತು ಎಂದು ಕೇಳಿದರೆ ಏನು ಹೇಳಲಿ, ಚಿಕ್ಕಂದಿನಿಂದ ನೋಡಿದವಳಲ್ಲವೇ. ಮಾತಾಡಿಸು ಅಪ್ಪ.

ಈಗಲಾದರೂ ಡಾಕ್ಟರ ಹತ್ತಿರ ಹೋಗು. ಹೋದ ಮೇಲೆ ಅವರು ಹೇಳಿದ್ದನ್ನೆಲ್ಲ ಬರೆ. ನಾನು ರಜಕ್ಕೆ ಬರಬೇಕೆಂದಿದ್ದೆ, ಆಗಲಿಲ್ಲ.

ಗಂಗರತ್ನ


ಊರಿಗಾಂ
29-6-1987

ಗಂಗರತ್ನಳಿಗೆ ಆಶೀರ್ವಾದ.

ಡಾಕ್ಟರ ಹತ್ತಿರ ಹೋದೆ. ನಿನ್ನ ಮಾತಿಗೆ ಅಲ್ಲ, ನಿಮ್ಮಮ್ಮ ಊಟ ಬಿಟ್ಟಿದ್ದಕ್ಕೆ. ಕಿವಿಯ ಒಳಗಿನ ತೊಂದರೆಯಂತೆ. ಮನುಷ್ಯ ನೆಟ್ಟಗೆ ನಿಲ್ಲುವುದು ಕಿವಿಯಿಂದ ಎಂದು ಆ ಡಾಕ್ಟರು ಹೇಳಿದ. ನನ್ನ ಕಿವಿಗೆ ಹೂ ಇಡುತ್ತಿದ್ದಾನೆಂದು ಮೊದಲು ಅಂದುಕೊಂಡೆ. ಆಮೇಲೆ ನನ್ನ ತಲೆಯನ್ನು ಹಿಡಿದು ಒಂದು ಕಡೆಗೆ ತಿರುಗಿಸಿದ. ಅವನ ಆಸ್ಪತ್ರೆಯೇ ಅದುರಿತು. ಅಲ್ಲಿಗೆ ಯಾವ ಸುರಂಗವೂ ಬಂದಿರಲಾರದು ಎಂದು ನನಗೂ ಅನಿಸಿತು.

ಮಾತ್ರೆ ಕೊಟ್ಟಿದ್ದಾನೆ. ಸುತ್ತು ಬಂದರೆ ಗಾಬರಿಯಾಗದೆ ಇದ್ದಲ್ಲೇ ಕೂತು, ತಲೆ ಹಿಡಿದು, ಕಣ್ಣು ಮುಚ್ಚಿಕೋ ಎಂದ. ಕೆಲವು ಸಲ ಕಿವಿಯೊಳಗೆ ಸೀಟಿ ಊದಿದ ಹಾಗೂ ಆಗುತ್ತದೆ, ಅದಕ್ಕೂ ಹೆದರಬೇಡ ಎಂದ. ಹಾಗೆಯೇ ಮಾಡುತ್ತಿದ್ದೇನೆ. ನೆಲ ಅದುರಿದರೆ ಇದು ನೆಲ ಅಲ್ಲ, ನಾನು ಎಂದು ನನಗೇ ಹೇಳಿಕೊಂಡು ಕೂತುಬಿಡುತ್ತೇನೆ. ಈಗ ನಿನಗೆ ಸಮಾಧಾನವಾಯಿತೇ?

ನಾನು ಊರಿಗೆ ಹೋಗಿದ್ದಾಗ ಚಿಕ್ಕಮುನಿಯಪ್ಪನ ಮಗನ ಮದುವೆಗೆ ಕರೆಯಲು ಗಂಡ ಹೆಂಡತಿ ಅರಿಶಿನ ಕುಂಕುಮ ಹಿಡಿದು ನಮ್ಮ ಮನೆಗೆ ಬಂದಿದ್ದರು. ಬಾಗಿಲಲ್ಲೇ ನಿಲ್ಲಿಸಿದೆ. "ಯಾಕಲಾ ಮುನಿಸ್ವಾಮಿ, ನಾನೇನ್ಲಾ ಮಾಡ್ದೆ?" ಎಂದು ಕೇಳಿದ. ನಿನಗೆ ಗೊತ್ತು ಎಂದೆ. ಹೊರಟುಹೋದರು. ನಿಮ್ಮಮ್ಮ ಒಳಗೆ ಅತ್ತಳು. ಮದುವೆಗೆ ನಾವು ಹೋಗಲಿಲ್ಲ.

ಅಪ್ಪ


ಊರಿಗಾಂ
2-8-1987

ಗಂಗರತ್ನಳಿಗೆ ಅಪ್ಪನ ಆಶೀರ್ವಾದ.

ಹೋದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಯಾಕೆಂದು ಆಗ ತಿಳಿಯಲಿಲ್ಲ.

ಕೇಳಿದ್ದೀಯೋ ಇಲ್ಲವೋ, ಗುರುವಾರ ಇಲ್ಲಿ ದೊಡ್ಡದಾಗಿ ಬಂಡೆ ಸಿಡಿಯಿತು. ಲೈನಿನ ಮನೆಗಳ ಗೋಡೆಗಳೂ ಬಿರಿದಿವೆ. ನಾನು ಗೋಡೆಯ ಮಗ್ಗುಲಲ್ಲಿ, ಗಾರೆಯ ಹತ್ತಿರ ಇದ್ದೆ. ನೆಲ ಅದುರಿತು. ಇದು ನೆಲ ಅಲ್ಲ, ನಾನು ಎಂದುಕೊಂಡೆ. ಡಾಕ್ಟರು ಹೇಳಿದ ಹಾಗೆ ಕೂತು, ತಲೆ ಹಿಡಿದು, ಕಣ್ಣು ಮುಚ್ಚಿದೆ. ಸೀಟಿ ಕೇಳಿಸಿತು. ಅದೂ ಕಿವಿಯೊಳಗಿನದೇ ಎಂದುಕೊಂಡೆ. ಜನ ಓಡುವ ಸದ್ದಾಯಿತು. ಕಣ್ಣು ತೆರೆಯಲು ನಾಚಿಕೆಯಾಯಿತು. ಮೇಸ್ತ್ರಿಗೆ ಮತ್ತೆ ಬಂತು ಎಂದು ಎಲ್ಲರೂ ನೋಡುತ್ತಿರಬಹುದು, ನೋಡಿಕೊಂಡು ಹೋಗಲಿ ಎಂದು ಗಟ್ಟಿಯಾಗಿ ಮುಚ್ಚಿಕೊಂಡೆ.

ಬೆನ್ನಿಗೆ ಯಾರೋ ಒದ್ದರು. "ಎದ್ದೇಳಲಾ! ಈ ಸಲ ನೆಲಾನೇ ಅದುರ್ತಾ ಐತೆ ಕಣ್ಲಾ!"

ಚಿಕ್ಕಮುನಿಯಪ್ಪ. ಸೀಟಿ ಊದಿದ ಕೂಡಲೇ ಇಳಿದು ಮೈದಾನಕ್ಕೆ ಹೋಗಿ ನಿಂತಿದ್ದವನು, ನಾನು ಕಾಣದೆ ತಿರುಗಿ ಓಡಿಬಂದಿದ್ದ. ಕುಪ್ಪುಸ್ವಾಮಿ ಬೇಡ ಬೇಡ ಎಂದು ಹಿಡಿದುಕೊಂಡರೂ ಕೊಸರಿಕೊಂಡು ಬಂದನಂತೆ. ನನ್ನನ್ನು ರಾಗಿ ಮೂಟೆಯ ಹಾಗೆ ಆಚೆಗೆ ತಳ್ಳಿದ. ಮೇಲಿನ ಹಸಿ ಗೋಡೆ ಅವನ ಮೇಲೆ ಬಿತ್ತು. ಟೊಪ್ಪಿಗೆ ಎರಡು ಹೋಳಾಗಿದೆ. ತಲೆ ಉಳಿಯಿತು. ಬಲಗಾಲು ಮೊಣಕಾಲಿನ ಕೆಳಗೆ ನುಜ್ಜಾಗಿದೆ. ಆಸ್ಪತ್ರೆಯಲ್ಲಿದ್ದಾನೆ. ಕಾಲು ಉಳಿಯುತ್ತದೆ, ಸಾರವೆ ಹತ್ತುವ ಕಾಲಾಗಿ ಉಳಿಯುವುದಿಲ್ಲ ಎಂದರು. ಇನ್ನು ಅವನೂ ನನ್ನ ಹಾಗೇ ಕೆಳಗೆ.

ನಾನು ಬೇರೆಯವರು ಹೇಳಿದ್ದನ್ನು ಪೂರ್ತಿ ನಂಬಿದ್ದು ಜೀವಮಾನದಲ್ಲಿ ಇದೊಂದೇ ಸಲ. ನೆಲ ಗಟ್ಟಿಯಾಗಿದೆ, ನಿನ್ನ ತಲೆಯೇ ತಿರುಗುತ್ತಿದೆ ಎಂದಿರಿ. ನಂಬಿದೆ. ಅದಕ್ಕೆ ಅವನ ಕಾಲು ಹೋಯಿತು. ನಿನ್ನ ಮೇಲೆ ಸಿಟ್ಟಿಲ್ಲ. ನನಗೆ ಅಳು ಬರುತ್ತದೆ, ಅಷ್ಟೇ.

ನೆನ್ನೆ ಅವನ ಮಂಚದ ಹತ್ತಿರ ಕೂತಿದ್ದೆ. ಕುಪ್ಪುಸ್ವಾಮಿಯೂ ಇದ್ದ. ಕೇಳಬಾರದಿತ್ತು, ಕೇಳಿದೆ. "ನೀನೇ ಏನ್ಲಾ ಇವರಿಗೆ ಯೇಳಿದ್ದು?" ಚಿಕ್ಕಮುನಿಯಪ್ಪ "ಊಂ ಕಣ್ಲಾ, ನಾನೇ. ಈಗೇನು?" ಎಂದ. ಅವನ ಸ್ವಭಾವ ನಿನಗೆ ಗೊತ್ತು. ಊಟ ಆಯಿತಾ ಎಂದು ಕೇಳಿದರೂ ಅರ್ಧ ಗಳಿಗೆ ವಾದ ಮಾಡದೆ ಹೌದು ಎನ್ನುವವನಲ್ಲ. ಅಷ್ಟು ಬೇಗ ಒಪ್ಪಿದ್ದು ನೋಡಿ ಅದು ಸುಳ್ಳೆಂದು ತಿಳಿಯಿತು. ಕುಪ್ಪುಸ್ವಾಮಿಯ ಕಡೆ ತಿರುಗಿದೆ. ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡ. ಚಿಕ್ಕಮುನಿಯಪ್ಪನಿಗೆ ಯಾರೆಂದು ಗೊತ್ತೋ, ಇಲ್ಲ ನನ್ನ ಬಾಯಿ ಮುಚ್ಚಿಸಲು ಹೇಳಿದನೋ, ತಿಳಿಯದು.

ಕೋದಂಡಪ್ಪ, ಕುಪ್ಪುಸ್ವಾಮಿ, ಗಣಿಯವರು, ಡಾಕ್ಟರು, ನಿಮ್ಮಮ್ಮ, ಇವನು, ಎಲ್ಲರ ಮೇಲೂ ಅನುಮಾನ ಪಟ್ಟಾಯಿತು. ಇನ್ನು ಉಳಿದವರು ಒಬ್ಬರೇ. ಅದನ್ನು ನಾನು ಕೇಳುವುದಿಲ್ಲ. ನೀನೂ ನನಗೆ ಬರೆಯಬೇಡ. ಬರೆದರೆ ಓದಬೇಕಾಗುತ್ತದೆ.

ಅಪ್ಪ


ಚಳ್ಳಕೆರೆ
9-8-1987

ಚಿಕ್ಕಮುನಿಯಪ್ಪ ಮಾವನಿಗೆ ಗಂಗರತ್ನಳ ನಮಸ್ಕಾರಗಳು.

ನಿನಗೆ ಓದಲು ಬಾರದೆಂದು ಗೊತ್ತು. ಆಸ್ಪತ್ರೆಯಲ್ಲಿ ಬೇರೆ ಯಾರ ಕೈಲೂ ಇದನ್ನು ಓದಿಸಬೇಡ. ಅಪ್ಪನ ಕೈಗೇ ಕೊಡು. ಪಕ್ಕದಲ್ಲಿ ಕೂರಿಸಿಕೊಂಡು, ಗಟ್ಟಿಯಾಗಿ ಓದು ಎನ್ನು.

ಮಾವ, ಕುಪ್ಪುಸ್ವಾಮಿಯವರಿಗೆ ಬರೆದವಳು ನಾನು. ಅಪ್ಪ, ನಿಲ್ಲಿಸಬೇಡ, ಮುಂದಕ್ಕೆ ಓದು. ಅಪ್ಪನನ್ನು ಸಾರವೆಯಿಂದ ಇಳಿಸಿದ್ದಕ್ಕೆ ನಾನು ಅವನ ಕ್ಷಮೆ ಕೇಳುವುದಿಲ್ಲ. ಇನ್ನೊಂದು ಸಲ ಹಾಗಾದರೂ ಬರೆಯುತ್ತೇನೆ. ತನಗೆ ಮಗಳೇ ಇಲ್ಲ ಎಂದು ಅಪ್ಪ ಅಂದರೂ ಬರೆಯುತ್ತೇನೆ. ಆದರೆ ಮಾವ, ಅಪ್ಪ ಅದನ್ನು ನಿನ್ನ ಮೇಲೆ ಹೊರಿಸಿದಾಗ ನಾನು ಸುಮ್ಮನಿದ್ದೆ. ಮದುವೆಗೆ ಕರೆಯಲು ಬಂದ ನಿನ್ನನ್ನು ಬಾಗಿಲಲ್ಲೇ ನಿಲ್ಲಿಸಿದ್ದು ತಿಳಿದ ಮೇಲೂ ಸುಮ್ಮನಿದ್ದೆ. ಒಂದು ಸಾಲು ಬರೆದಿದ್ದರೆ ಸಾಕಾಗಿತ್ತು. ಅಪ್ಪನ ಸಿಟ್ಟಿಗೆ ಹೆದರಿ ನಿನ್ನನ್ನು ಮುಂದೆ ಬಿಟ್ಟೆ. ನೀನು ಅದೇ ಮನುಷ್ಯನಿಗಾಗಿ ಗೋಡೆಯ ಕೆಳಗೆ ಓಡಿದೆ. ನನ್ನನ್ನು ಕ್ಷಮಿಸು ಮಾವ.

ಶನಿವಾರದ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಬಂಗಾರಪೇಟೆಗೆ ಬೆಳಿಗ್ಗೆ ಬರುತ್ತೇನೆ. ಬಸ್ ಸ್ಟ್ಯಾಂಡಿಗೆ ಯಾರೂ ಬರುವುದು ಬೇಡ.

ಅಪ್ಪ, ಓದಿ ಮುಗಿಯಿತೇ? ಇನ್ನು ಮಾವನ ಮುಖ ನೋಡಿ ಮಾತಾಡು.

ನಿಮ್ಮ,
ಗಂಗರತ್ನ